ಡೊನಾಲ್ಡ್ ಬರ್ಡ್ ಫಂಕ್ ಕಡೆ ಹೋಗಿದ್ದು ಬರೀ ದುಡ್ಡಿಗಾ? ನಾನಂತೂ ಒಪ್ಪಲ್ಲ

ತುತ್ತೂರಿ_ತುಮಕೂರು

ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ಹಿರಿಯರೊಬ್ರ ಮನೇಲಿ ಎಲ್‌ಪಿ ಕೇಳ್ತಾ ಕೂತಿದ್ವಿ, ನಾನು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಅವರ 75ರ ಆಲ್ಬಮ್ 'ಪ್ಲೇಸಸ್ ಅಂಡ್ ಸ್ಪೇಸಸ್' ಹಾಕಿ ಸರ್ ಅಂದೆ, ಅವ್ರು "ಅದು ಬೇಡ ಬಿಡಪ್ಪ, ಆಯಪ್ಪ 72ರಲ್ಲೇ ಜಾಝ್ ಬಿಟ್ಟು ದುಡ್ಡಿನ ಹಿಂದೆ ಹೋದ" ಅಂದುಬಿಟ್ರು. ಮನೆಗೆ ಬಂದ್ಮೇಲೂ ಆ ಮಾತು ತಲೇಲಿ ಕೊರೀತಾನೇ ಇತ್ತು, ಅದಕ್ಕೆ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಓದಿ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಬರ್ಡ್ ಹುಟ್ಟಿದ್ದು 1932ರ ಡಿಸೆಂಬರ್ 9ಕ್ಕೆ, ಡೆಟ್ರಾಯಿಟ್‌ನಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿ, ಮಗನಿಗೆ ಇಟ್ಟ ಹೆಸರು ಡೊನಾಲ್ಡ್‌ಸನ್ ಟೂಸಾಂ ಲೂವರ್ಚ್ಯೂರ್ ಬರ್ಡ್. ಆ ನಡುವಿನ ಹೆಸರು ಹೈಟಿಯಲ್ಲಿ ಗುಲಾಮರ ದಂಗೆ ಮುನ್ನಡೆಸಿದ ನಾಯಕಂದು, ಅಲ್ಲಿಗೇ ಮನೆಯ ವಾತಾವರಣ ಎಂಥದ್ದು ಅಂತ ಗೊತ್ತಾಗುತ್ತೆ. ಕ್ಯಾಸ್ ಟೆಕ್ ಹೈಸ್ಕೂಲು, ಏರ್‌ಫೋರ್ಸ್ ಬ್ಯಾಂಡು, 1954ರಲ್ಲಿ ವೇನ್ ಸ್ಟೇಟ್ ಯೂನಿವರ್ಸಿಟಿ ಡಿಗ್ರಿ, ಆಮೇಲೆ ನ್ಯೂಯಾರ್ಕಿಗೆ ಹೋಗಿ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಮಾಸ್ಟರ್ಸ್. 1955ರ ಕೊನೇಲಿ ಡ್ರಮ್ಮರ್ ಆರ್ಟ್ ಬ್ಲೇಕಿ ತಂಡ ಜಾಝ್ ಮೆಸೆಂಜರ್ಸ್ ಸೇರ್ದಾಗ ಇನ್ನೂ 23ರ ಹುಡುಗ. ಮಾರನೇ ವರ್ಷ ಹೆಸರಾಂತ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಕಾರ್ ಆಕ್ಸಿಡೆಂಟಲ್ಲಿ 25ನೇ ವಯಸ್ಸಿಗೆ ತೀರ್ಕೊಂಡಾಗ ಇನ್ನು ಮುಂದೆ ಆ ಜಾಗ ತುಂಬೋರು ಯಾರು ಅಂತ ಎಲ್ರೂ ನೋಡಿದ ಕೆಲವೇ ಹುಡುಗರಲ್ಲಿ ಇವರೂ ಒಬ್ರು.

ಆದ್ರೆ ನಂಗೆ ಮುಖ್ಯ ಅನ್ಸೋದು ಬೇರೆ. ಈ ಮನುಷ್ಯ ಓದೋದನ್ನ ನಿಲ್ಲಿಸ್ಲೇ ಇಲ್ಲ. ಹೆಸರು ಬಂದ್ಮೇಲೆ, 1963ರಲ್ಲಿ, ಪ್ಯಾರಿಸ್‌ಗೆ ಹೋಗಿ ಹೆಸರಾಂತ ಸಂಗೀತ ಗುರು ನಾದಿಯಾ ಬುಲಾಂಜೆ ಹತ್ರ ಶಿಷ್ಯನಾಗಿ ಕಾಂಪೊಸಿಶನ್ ಕಲಿತ್ರು. 1976ರಲ್ಲಿ ಕಾನೂನು ಪದವಿ, 1982ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಟೀಚರ್ಸ್ ಕಾಲೇಜಿಂದ ಡಾಕ್ಟರೇಟು. ಇದ್ರ ಜೊತೆಗೇ ರಟ್ಗರ್ಸ್, ಹೋವರ್ಡ್, ನಾರ್ತ್ ಕೆರೊಲಿನಾ ಸೆಂಟ್ರಲ್ ಅಂತ ಒಂದಾದ್ಮೇಲೊಂದು ಕಡೆ ಪಾಠ ಮಾಡಿದ್ರು. ಹೋವರ್ಡ್ ಅಂದ್ರೆ ವಾಷಿಂಗ್ಟನ್‌ನಲ್ಲಿರೋ ಕಪ್ಪು ಜನರ ಹಳೇ ದೊಡ್ಡ ವಿಶ್ವವಿದ್ಯಾಲಯ, ಅಲ್ಲಿ ಜಾಝ್‌ಗೆ ಅಂತಲೇ ವಿಭಾಗ ಕಟ್ಟಿದ್ದು ಇವ್ರೇ.

ಈಗ ಅವ್ರ ಫಂಕ್ ಆಲ್ಬಮ್ 'ಬ್ಲ್ಯಾಕ್ ಬರ್ಡ್' ವಿಷ್ಯ. ಫಂಕ್ ಅಂದ್ರೆ ಬೇಸು, ಡ್ರಮ್ಸ್ ಮುಂದಿಟ್ಕೊಂಡು ಕುಣಿಸೋ ಸಂಗೀತ. 1972ರಲ್ಲಿ ರೆಕಾರ್ಡ್ ಆಗಿ 73ರಲ್ಲಿ ಬಂತು, ಅಲ್ಲೀವರೆಗೆ ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿಯ ಯಾವ ಆಲ್ಬಮ್ಮೂ ಅಷ್ಟು ಮಾರಾಟ ಆಗಿರ್ಲಿಲ್ಲ. ಮಾಡಿಕೊಟ್ಟಿದ್ದು ಲ್ಯಾರಿ ಮಿಜೆಲ್, ಜೊತೇಲಿ ಅವನ ಅಣ್ಣ ಫಾನ್ಸ್. ಇಬ್ರೂ ಹೋವರ್ಡ್‌ನಲ್ಲಿ ಓದಿದೋರು. ಫಾನ್ಸ್ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಜಾಕ್ಸನ್ 5 ಹುಡುಗರಿಗೆ 'ಐ ವಾಂಟ್ ಯು ಬ್ಯಾಕ್' ಬರೆದ ಗುಂಪಲ್ಲಿದ್ದ, ಲ್ಯಾರಿ ಎಲೆಕ್ಟ್ರಿಕಲ್ ಇಂಜಿನಿಯರ್, ಚಂದ್ರನ ಮೇಲಿಳಿದ ಅಪೊಲೊ ಲೂನಾರ್ ಮಾಡ್ಯೂಲ್‌ನ ಟೆಸ್ಟಿಂಗ್‌ನಲ್ಲಿ ಕೆಲ್ಸ ಮಾಡಿದೋನು. ಅದೇ ಹೊತ್ತಿಗೆ ಬರ್ಡ್ ತಮ್ಮ ಕ್ಲಾಸಿನ ಹುಡುಗ್ರನ್ನೇ ಸೇರಿಸಿ 'ದ ಬ್ಲ್ಯಾಕ್‌ಬರ್ಡ್ಸ್' ಅಂತ ಬ್ಯಾಂಡ್ ಕಟ್ಟಿಕೊಟ್ರು. ಬರೀ ದುಡ್ಡು ಮಾಡೋನು ವಿದ್ಯಾರ್ಥಿಗಳ ಬ್ಯಾಂಡ್ ಕಟ್ಟಿ ಅವ್ರನ್ನ ಮುಂದೆ ನಿಲ್ಲಿಸ್ತಾನಾ? ನನ್ನ ಪ್ರಕಾರ ಆ ಫಂಕ್ ಬಂದಿದ್ದು ಕ್ಲಾಸ್‌ರೂಮಿಂದ. ಎದುರಿಗೆ ಕೂತ 19-20ರ ಮಕ್ಕಳು ಏನು ಕೇಳ್ತಿದ್ರೋ ಅದು ಮೇಷ್ಟ್ರ ಕಿವಿಗೆ ಬಿತ್ತು ಅಷ್ಟೆ.

ನಾನೂ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು, ಅದಕ್ಕೇ ಇದು ಇಷ್ಟು ನಾಟುತ್ತೆ ಅಂತ ಕಾಣುತ್ತೆ. ನಿಮ್ಮ ಅಭಿಪ್ರಾಯ ಹೇಳಿ.

---

ಹಳೇಎಲ್ಪಿ_ಧಾರವಾಡ

ಸರ್ ನಮಸ್ಕಾರ್ರಿ. ನಿಮ್ಮ ಪ್ರೀತಿ ತಿಳೀತದ, ಆದ್ರ ನಾ ಪೂರಾ ಒಪ್ಪಂಗಿಲ್ಲ. ನಾ ಬರ್ಡ್‌ನ್ನ ನಲವತ್ತು ವರ್ಷದಿಂದ ಕೇಳಾಕತ್ತೀನಿ. ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ ಜೋಡಿ 1956ರ 'ಸಾನಿ ರಾಲಿನ್ಸ್ ವಾಲ್ಯೂಮ್ ಒನ್' ಕೇಳ್ರಿ, ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಕೋಲ್ಟ್ರೇನ್ ಜೋಡಿ 'ಲಶ್ ಲೈಫ್' ಕೇಳ್ರಿ, ಬರ್ಡ್‌ದ ಸ್ವಂತ ಆಲ್ಬಮ್ 'ಬರ್ಡ್ ಇನ್ ಹ್ಯಾಂಡ್', 'ಫ್ಯುಎಗೊ' ಕೇಳ್ರಿ. ಒಂದೊಂದು ಸೋಲೊ ಅಂದ್ರ ಒಬ್ಬ ಶಾಣ್ಯಾ ಮನಷಾ ಕಟ್ಟಿ ಮ್ಯಾಲ ಕುಂತು ಸಾವಕಾಶ ಕಥಿ ಹೇಳಿಧಂಗ ಇರ್ತದ, ಗಡಬಡಿ ಇಲ್ಲ, ಮಾತು ಜಾರಂಗಿಲ್ಲ. 'ಬ್ಲ್ಯಾಕ್ ಬರ್ಡ್'ನ್ಯಾಗ ಆ ಕಥಿ ಎಲ್ಲದ ಹೇಳ್ರಿ? ಮುಕ್ಕಾಲು ತಾಸು ಒಂದ ರಾಗ ಹಾಡೋ ಗವಾಯಿ ಸಿನಿಮಾ ಹಾಡಿನ ನಡುವ ಎರಡು ತಾನ್ ಹೊಡದು ಎದ್ದು ಹೋದಂಗ ಅದ.

ಇನ್ನ ಕ್ಲಾಸ್‌ರೂಮಿಂದ ಬಂತು ಅಂತೀರಿ. ಕಂಪನಿ ಪರಿಸ್ಥಿತೀನೂ ನೋಡ್ಬೇಕಲ್ರಿ. ಬ್ಲೂ ನೋಟ್ ಕಟ್ಟಿದ ಆಲ್ಫ್ರೆಡ್ ಲಯನ್ 1967ಕ್ಕ ಬಿಟ್ಟು ಹೋದ್ರು, ಅವರ ಜೋಡಿದಾರ ಫ್ರಾನ್ಸಿಸ್ ವುಲ್ಫ್ 1971ಕ್ಕ ತೀರಿಕೊಂಡ್ರು. ಮುಂದ ಕಂಪನ್ಯಾಗ ಲೆಕ್ಕ ನೋಡೋ ಮಂದಿನ ಉಳದ್ರು. ಆ ಹೊತ್ತಿನ್ಯಾಗ ಹೆಚ್ಚು ಮಾರೋ ರೆಕಾರ್ಡ್ ಬಂತಂದ್ರ ಅದು ಬರೇ ಆಕಸ್ಮಿಕ ಅಂತ ನಾ ಹೆಂಗ ನಂಬ್ಲಿ?

---

ಕುಡ್ಲ_ಬ್ರಾಸ್

ನಾನು ಮಂಗಳೂರು ಕಡೆಯವ, ಚರ್ಚಲ್ಲಿ ಮತ್ತೆ ಮದುವೆ ಬ್ರಾಸ್‌ಬ್ಯಾಂಡಲ್ಲಿ ಟ್ರಂಪೆಟ್ ಊದ್ತೇನೆ. ಧಾರವಾಡದವರು ಹೇಳಿದ್ದಕ್ಕೆ ಊದುವವನ ಕಡೆಯಿಂದ ಒಂದು ಮಾತು ಉಂಟು ಮಾರಾಯ್ರೆ.

ಟ್ರಂಪೆಟಲ್ಲಿ ಇರುವುದು ಮೂರೇ ವಾಲ್ವ್, ಒತ್ತುವ ಬಗೆ ಲೆಕ್ಕ ಹಾಕಿದ್ರೆ ಏಳು ಉದ್ದದ ಪೈಪು, ಉಳಿದ ಸ್ವರ ಪೂರ್ತಿ ತುಟಿಯಿಂದ್ಲೇ ಹುಟ್ಬೇಕು. ಈ ತುಟಿ ಅನ್ನೋದು ದಿನಾ ಕೆಲಸ ಕೇಳ್ತದೆ. ಕ್ರಿಸ್ಮಸ್ ಸೀಸನ್ ಮುಗಿದು ನಾನು ಒಂದು ಹತ್ತು ದಿನ ಮೌತ್‌ಪೀಸ್ ಮುಟ್ಟದಿದ್ರೆ ಹನ್ನೊಂದನೇ ದಿನ ಮೇಲಿನ ಸ್ವರ ಬರೀ ಗಾಳಿ, ಬಾಯಿಯ ಎರಡೂ ಮೂಲೆ ನಡುಗ್ತದೆ, ತುಟಿ ನಡುವೆ ಸ್ವರ ಹಿಡಿಯುವ ಜಾಗವೇ ಸತ್ತ ಹಾಗೆ. ಪಿಯಾನೋದವರಿಗೆ ಈ ಕಷ್ಟ ಇಲ್ಲ, ಕೀ ಒತ್ತಿದ್ರೆ ಸ್ವರ ಅಲ್ಲೇ ಉಂಟು. ಈಗ ಯೋಚನೆ ಮಾಡಿ, ಬೆಳಗ್ಗೆ ಪಾಠ, ಮಧ್ಯಾಹ್ನ ವಿಭಾಗದ ಕೆಲಸ, ಅದರ ಮೇಲೆ ಕಾನೂನು ಓದು. 50ರ ದಶಕದಲ್ಲಿ ರಾತ್ರಿ ಪೂರ್ತಿ ಕ್ಲಬ್ಬಲ್ಲಿ ಊದ್ತಿದ್ದ ತುಟಿ 70ರಲ್ಲಿ ಹಾಗೇ ಇರ್ಲಿಕ್ಕೆ ಸಾಧ್ಯವಾ? ನನಗೆ ಕಾಣುವುದು ಏನಂದ್ರೆ ಅವರು ಎಷ್ಟು ಬೇಕೋ ಅಷ್ಟೇ ಊದಿದ್ದಾರೆ, ಹಾಡಿನಲ್ಲಿ ಎಲ್ಲಿ ಖಾಲಿ ಜಾಗ ಉಂಟು ಅಂತ ಕಾದು ಅಲ್ಲಿ ನಾಕು ಸ್ವರ ಇಟ್ಟಿದ್ದಾರೆ. 'ಪ್ಲೇಸಸ್ ಅಂಡ್ ಸ್ಪೇಸಸ್'ನಲ್ಲಿರುವ 'ವಿಂಡ್ ಪರೇಡ್' ಹಾಡು ಒಮ್ಮೆ ಆ ದೃಷ್ಟಿಯಲ್ಲಿ ಕೇಳಿ. ಅಷ್ಟು ವಾದ್ಯದ ನಡುವೆ ಅಷ್ಟು ಕಡಿಮೆ ಊದಿ ನಿಲ್ಲುವುದು ಸುಲಭ ಅಲ್ಲ, ನಮ್ಮ ಬ್ಯಾಂಡಲ್ಲಿ ಹುಡುಗರಿಗೆ ನಾನು ಕಲಿಸ್ಲಿಕ್ಕೆ ಪರದಾಡುವುದು ಇದನ್ನೇ.

---

ಹಳೇಎಲ್ಪಿ_ಧಾರವಾಡ

ತುಟಿ ಮಾತು ಖರೇ ಅದ ಬಿಡ್ರಿ, ನಾ ಆ ಕಡೆ ವಿಚಾರನ ಮಾಡಿದ್ದಿಲ್ಲ. ಹಾಡೋರಿಗೂ ರಿಯಾಜ್ ತಪ್ಪಿದ್ರ ಗಂಟಲಾ ಹೇಳ್ತದ. ಆದ್ರ ಹಂಗಂದ್ರ ನೀವ ಒಪ್ಪಿಕೊಂಡಂಗಾತು, ವಾದಕ ಸಣ್ಣಾವಾದ, ಮಾಸ್ತರ ದೊಡ್ಡಾವಾದ ಅಂತ.

---

ತುತ್ತೂರಿ_ತುಮಕೂರು

@ಹಳೇಎಲ್ಪಿ_ಧಾರವಾಡ ಸರ್, ಮೇಷ್ಟ್ರು ದೊಡ್ಡೋರಾದ್ರು ಅಂತ ಒಪ್ತೀನಿ, ವಾದಕ ಸಣ್ಣೋರಾದ್ರು ಅಂತ ಒಪ್ಪಲ್ಲ. ಫಂಕ್‌ಗೆ ಹೋಗೋಕೆ ಹತ್ತು ವರ್ಷ ಮುಂಚೇನೇ ಅವ್ರು ಹೀಗೇ ಹಿಂದೆ ಸರಿದು ಬೇರೆಯೋರಿಗೆ ಜಾಗ ಕೊಟ್ಟಿದ್ದಾರೆ, 1963ರ 'ಎ ನ್ಯೂ ಪರ್ಸ್ಪೆಕ್ಟಿವ್' ನೋಡಿ. ಎಂಟು ಜನರ ಗಾಯನ ತಂಡ ಕೂರಿಸ್ಕೊಂಡು, ಮಾತೇ ಇಲ್ದೆ ಬರೀ ಆ, ಊ ಅಂತ ಹಾಡಿಸಿ, ಅದ್ರ ಮೇಲೆ ಟ್ರಂಪೆಟ್. ಅಪ್ಪನ ಚರ್ಚು ಅದ್ರಲ್ಲಿ ಪೂರ್ತಿ ಇದೆ. ಅದನ್ನೂ ಆಗ ಜಾಝ್ ಅಲ್ಲ ಅನ್ನಬಹುದಿತ್ತಲ್ವಾ?

---

ಜೆರ್ಸಿ_ಕನ್ನಡಿಗ

ಸುಮ್ನೆ ಓದ್ಕೊಂಡು ಹೋಗೋನು ನಾನು, ಆದ್ರೆ 'ಎ ನ್ಯೂ ಪರ್ಸ್ಪೆಕ್ಟಿವ್' ಹೆಸರು ಬಂತು ಅಂತ ಲಾಗಿನ್ ಆದೆ. ಅದು ರೆಕಾರ್ಡ್ ಆಗಿದ್ದು ಇಲ್ಲೇ ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ವ್ಯಾನ್ ಗೆಲ್ಡರ್ ಮೊದ್ಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡೋ ಕೆಲ್ಸದಲ್ಲಿದ್ದು ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆ ಹಾಲಲ್ಲೇ ರೆಕಾರ್ಡಿಂಗ್ ಮಾಡ್ತಿದ್ದೋರು, 1959ರಲ್ಲಿ ಇದನ್ನ ಕಟ್ಟಿಸಿದ್ರು. ಒಳಗೆ 39 ಅಡಿ ಎತ್ತರದ ಮರದ ಚಾವಣಿ, ದೊಡ್ಡ ದೊಡ್ಡ ಮರದ ಕಮಾನು, ಫೋಟೋ ನೋಡಿದ್ರೆ ಚರ್ಚ್ ಅಂತಾನೇ ಅಂದ್ಕೋತೀರ. ಅಂಥ ಜಾಗದಲ್ಲಿ ಕೋರಸ್ ನಿಲ್ಲಿಸಿದ್ರೆ ಹೇಗಿರುತ್ತೆ ಊಹಿಸ್ಕೊಳ್ಳಿ.

ಅದ್ರಲ್ಲಿರೋ 'ಕ್ರಿಸ್ಟೊ ರೆಡೆಂಟೊರ್' ಬರೆದಿದ್ದು ಡ್ಯೂಕ್ ಪಿಯರ್ಸನ್, ರಿಯೋ ಡಿ ಜನೈರೋದ ಬೆಟ್ಟದ ಮೇಲಿರೋ ಏಸುವಿನ ಪ್ರತಿಮೆ ನೋಡಿ ಬಂದು. ಪಿಯಾನೋ ಹರ್ಬಿ ಹ್ಯಾಂಕಾಕ್, ಟೆನರ್ ಸ್ಯಾಕ್ಸೋಫೋನ್ ಹ್ಯಾಂಕ್ ಮೋಬ್ಲಿ, ಗಿಟಾರ್ ಕೆನ್ನಿ ಬರೆಲ್. ನಮ್ಮಮ್ಮ ಊರಿಂದ ಬಂದಿದ್ದಾಗ ಒಂದು ಸಂಜೆ ಇದನ್ನ ಹಾಕಿದ್ದೆ. ಅವ್ರಿಗೆ ಜಾಝ್ ಅಂದ್ರೆ ಏನು ಅಂತಾನೂ ಗೊತ್ತಿಲ್ಲ. ಹುರುಳಿಕಾಯಿ ಬಿಡಿಸ್ತಿದ್ದೋರು ಕೈ ನಿಲ್ಲಿಸಿ, ಹಾಡು ಮುಗಿಯೋವರೆಗೂ ಹಾಗೇ ಕೂತು, "ಯಾರೋ ತೀರ್ಕೊಂಡಿದ್ದಾರೇನೋ ಪಾಪ" ಅಂದ್ರು.

---

ಕಪ್ಪುಕೋಟು_ಮೈಸೂರು

ನಾನು ವಕೀಲೆ, ಸಂಗೀತ ಕೇಳ್ತೀನಿ ಅಷ್ಟೆ, ವಿಮರ್ಶೆ ಗೊತ್ತಿಲ್ಲ. ಆದ್ರೆ 'ದುಡ್ಡು' ಅನ್ನೋ ಮಾತು ಬಂದಿರೋದ್ರಿಂದ ಒಂದು ಘಟನೆ ಹೇಳ್ಲೇಬೇಕು, ಇದನ್ನ ಹರ್ಬಿ ಹ್ಯಾಂಕಾಕ್ ಅವರೇ ಎಷ್ಟೋ ಸಲ ಹೇಳ್ಕೊಂಡಿದ್ದಾರೆ.

ಹ್ಯಾಂಕಾಕ್ ಶಿಕಾಗೋದ ಹುಡುಗ. ಹಿಮ ಬಿದ್ದು ಬರ್ಡ್ ತಂಡಕ್ಕೆ ಪಿಯಾನೋದವರು ಸಿಗದೆ ಇದ್ದಾಗ ಬದಲಿಗೆ ಹೋದವರು ಅಲ್ಲೇ ಉಳ್ಕೊಂಡ್ರು. ಬರ್ಡ್ ನ್ಯೂಯಾರ್ಕಿಗೆ ಕರ್ಕೊಂಡು ಹೋಗಿ ಬ್ರಾಂಕ್ಸ್‌ನಲ್ಲಿ ತಮ್ಮ ಮನೇಲೇ ಜಾಗ ಕೊಟ್ರು. ಆಮೇಲೆ ಒಂದಿನ "ನೀನು ನಿನ್ನದೇ ರೆಕಾರ್ಡ್ ಮಾಡೋ ಟೈಮ್ ಬಂತು" ಅಂತ ಹೇಳಿ ಬ್ಲೂ ನೋಟ್ ಆಫೀಸಿಗೆ ಕಳಿಸಿದ್ರು, ಕಳಿಸೋಕೆ ಮುಂಚೆ ಪಾಠ ಮಾಡಿದ್ರು. ಕಂಪನಿಯವರು ಹಾಡಿನ ಪಬ್ಲಿಷಿಂಗ್ ಹಕ್ಕು ತಮಗೆ ಬರೆದುಕೊಡು ಅಂತಾರೆ, ನೀನು ಅದನ್ನ ಆಗ್ಲೇ ನನ್ನ ಸ್ವಂತ ಕಂಪನಿಗೆ ಹಾಕಿದೀನಿ ಅನ್ನು, ಬಗ್ಗಬೇಡ ಅಂತ. ಹ್ಯಾಂಕಾಕ್‌ಗೆ ಆಗ ಕಂಪನಿಯೂ ಇಲ್ಲ ಏನೂ ಇಲ್ಲ. ಹಾಗೇ ಹೇಳಿದ್ರು. ಹಾಗಾದ್ರೆ ರೆಕಾರ್ಡ್ ಮಾಡೋಕಾಗಲ್ಲ ಅಂದ್ರು ಲಯನ್. ಹುಡುಗ ಎದ್ದು ಬಾಗಿಲ ಕಡೆ ತಿರುಗಿದ್ದೇ ತಡ, ಹಿಂದಿಂದ ಕರೆದು ಸರಿ ಆಯ್ತು ಅಂದ್ರು. ಆ ಹಾಡುಗಳಲ್ಲಿ ಒಂದು 'ವಾಟರ್‌ಮೆಲನ್ ಮ್ಯಾನ್', 1962ರದ್ದು.

ಮುಂದೆ ಆಗಿದ್ದೂ ಚೆನ್ನಾಗಿದೆ. ಕ್ಯೂಬಾ ಮೂಲದ ಮೊಂಗೊ ಸಾಂತಮರಿಯಾ ತಂಡಕ್ಕೆ ಒಂದಷ್ಟು ದಿನ ಹ್ಯಾಂಕಾಕ್ ಬದಲಿ ಪಿಯಾನೋ ನುಡಿಸ್ತಿದ್ರು, ಒಂದು ರಾತ್ರಿ ಬರ್ಡ್ ಕೇಳೋಕೆ ಹೋಗಿದ್ದಾಗ "ಹರ್ಬಿ, ಮೊಂಗೊಗೆ ನಿನ್ನ ವಾಟರ್‌ಮೆಲನ್ ಮ್ಯಾನ್ ತೋರಿಸು" ಅಂದ್ರು. ಮೊಂಗೊ ಅದಕ್ಕೆ ಕಾಂಗಾ ಅನ್ನೋ ಕೈಯಲ್ಲಿ ಬಾರಿಸೋ ಡ್ರಮ್ ಸೇರಿಸಿದ್ರು, ಕೂತಿದ್ದ ಜನ ಎದ್ದು ಕುಣಿಯೋಕೆ ಶುರು ಮಾಡಿದ್ರು. 1963ರಲ್ಲಿ ಮೊಂಗೊ ನುಡಿಸಿದ ಆ ರೂಪ ಅಮೆರಿಕದ ಟಾಪ್ 10ರೊಳಗೆ ಬಂತು, ಹಕ್ಕು ಪೂರ್ತಿ ಹ್ಯಾಂಕಾಕ್ ಹೆಸರಲ್ಲೇ ಇತ್ತು. ದುಡ್ಡಿನ ವಿಷ್ಯದಲ್ಲಿ ಬರ್ಡ್‌ಗೆ ಬುದ್ಧಿ ಚೆನ್ನಾಗೇ ಇತ್ತು, ಆದ್ರೆ ಅದನ್ನ ಮೊದ್ಲು ಖರ್ಚು ಮಾಡಿದ್ದು ಬೇರೆಯವರ ಮಗನಿಗೋಸ್ಕರ. 76ರಲ್ಲಿ ಕಾನೂನು ಪದವಿ ತಗೊಂಡಿದ್ದು ನಂಗೇನೂ ಆಶ್ಚರ್ಯ ಅನ್ಸಲಿಲ್ಲ. ಕಪ್ಪು ಸಂಗೀತಗಾರರು ಒಂದು ಕಾಗದಕ್ಕೆ ಸಹಿ ಹಾಕಿ ಜೀವಮಾನದ ಕೆಲ್ಸ ಕಳ್ಕೊಂಡಿದ್ದನ್ನ ಅಷ್ಟು ಹತ್ತಿರದಿಂದ ನೋಡಿದೋರು ಅವ್ರು. 1957ರಲ್ಲಿ ಅವರ ಜೊತೆ ಜಾಝ್ ಲ್ಯಾಬ್ ತಂಡ ನಡೆಸಿದ ಜಿಜಿ ಗ್ರೈಸ್ ಆ ಕಾಲಕ್ಕೇ ಸ್ವಂತ ಪಬ್ಲಿಷಿಂಗ್ ಕಂಪನಿ ಮಾಡಿದ್ರು, ಈ ಪಾಠ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಊಹೆ.

---

ಲೂಪ್_ಮಲ್ಲೇಶ್ವರ

ಅಯ್ಯೋ ಈ ಥ್ರೆಡ್ ಎಷ್ಟು ಚೆನ್ನಾಗಿದೆ ಗುರು!! ನಾನು ಹಳೇ ಹಾಡಿನ ತುಣುಕು ತಗೊಂಡು (ಸ್ಯಾಂಪಲ್ ಅಂತೀವಿ) ಬೀಟ್ ಮಾಡೋನು, ವಯಸ್ಸು 26, ಬರ್ಡ್ ನಂಗೆ ಸಿಕ್ಕಿದ್ದು ಉಲ್ಟಾ ದಾರೀಲಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನೋ ರ್‍ಯಾಪ್ ಗುಂಪು ಕೇಳ್ತಾ ಕೇಳ್ತಾ ಇದು ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಹೋದ್ರೆ 'ಥಿಂಕ್ ಟ್ವೈಸ್' ಸಿಕ್ತು, 'ಸ್ಟೆಪ್ಪಿಂಗ್ ಇನ್‌ಟು ಟುಮಾರೋ' ಆಲ್ಬಮ್ಮು. ಅದೇ ಹಾಡು ಮೇನ್ ಸೋರ್ಸ್ ಅನ್ನೋ ಇನ್ನೊಂದು ರ್‍ಯಾಪ್ ಗುಂಪು ತಗೊಂಡಿದೆ, ಎರಿಕಾ ಬಾಡು ಹಾಡಿದ್ದಾರೆ, ಜೆ ಡಿಲ್ಲಾ 2001ರ 'ವೆಲ್‌ಕಮ್ 2 ಡೆಟ್ರಾಯಿಟ್'ನಲ್ಲಿ ತಾನೇ ಮೈಕ್ ಹಿಡಿದು ಹಾಡಿದ್ದಾನೆ. ಡಿಲ್ಲಾನೂ ಡೆಟ್ರಾಯಿಟ್ ಹುಡುಗ, ಬರ್ಡ್ ಊರಿನೋನೇ, ಅದು ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ.

ಧಾರವಾಡ ಸರ್‌ಗೆ ಒಂದು ಮಾತು, ತಪ್ಪು ತಿಳ್ಕೋಬೇಡಿ ಸರ್. ನೀವು ಎರಡು ತಾನ್ ಅಂದ್ರಲ್ಲ ಆ ನಾಕು ಸ್ವರ, ಆ ಬೇಸು, ಅದ್ರ ನಡುವಿನ ಗಾಳಿ, ಅದನ್ನೇ ನಾವು ಕಟ್ ಮಾಡಿ ತಿರುಗಿಸಿ ತಿರುಗಿಸಿ ಕೇಳೋದು. ಮಿಜೆಲ್ ಅಣ್ಣತಮ್ಮಂದ್ರು ಒಂದ್ರ ಮೇಲೊಂದು ಪದರ ಹಾಕಿರೋ ರೀತಿ ಇದ್ಯಲ್ಲ, ಕ್ಲಾವಿನೆಟ್ಟು, ಅದ್ರ ಮೇಲೆ ಗಿಟಾರ್ ಕಚ್ಚಿಕೊಂಡು, ಅದ್ರ ಮೇಲೆ ಎಲ್ರೂ ಒಟ್ಟಿಗೆ ಹಾಡೋ ಧ್ವನಿ, ಹೆಡ್‌ಫೋನ್ ಹಾಕಿದ್ರೆ ಒಂದೊಂದೂ ಬೇರೆ ಬೇರೆ ನಿಂತಿರುತ್ತೆ, ಒಂದ್ರ ಕಾಲು ಒಂದು ತುಳಿಯಲ್ಲ. ಇಂಜಿನಿಯರ್ ಕೆಲ್ಸ ಅಂತ ಈಗ ಗೊತ್ತಾಯ್ತು.

ಇನ್ನೊಂದು, 'ಬ್ಲ್ಯಾಕ್ ಬರ್ಡ್'ನಲ್ಲಿ ಡ್ರಮ್ಸ್ ಹಾರ್ವಿ ಮೇಸನ್. ಅದೇ 73ರಲ್ಲಿ ಹ್ಯಾಂಕಾಕ್ 'ಹೆಡ್ ಹಂಟರ್ಸ್' ಮಾಡಿದ್ರಲ್ಲ, ಅದ್ರಲ್ಲೂ ಡ್ರಮ್ಸ್ ಅವ್ನೇ, 'ವಾಟರ್‌ಮೆಲನ್ ಮ್ಯಾನ್'ಗೆ ಫಂಕ್ ವೇಷ ಹಾಕಿಸಿದ್ದೂ ಅವ್ನೇ. ಮೈಸೂರು ಮೇಡಂ ಹೇಳಿದ ಹಾಡು ಸುತ್ತಿ ಮತ್ತೆ ಅಲ್ಲಿಗೇ ಬಂತು ನೋಡಿ.

ಆಮೇಲೆ 1993ರಲ್ಲಿ ಗುರು ಅನ್ನೋ ರ್‍ಯಾಪರ್ 'ಜಾಝ್‌ಮಟಾಝ್' ಮಾಡ್ದಾಗ ಬರ್ಡ್ ತಾವೇ ಬಂದು 'ಲೌಂಜಿನ್' ಹಾಡಿಗೆ ಟ್ರಂಪೆಟ್ ಊದಿದ್ರು. 60 ವಯಸ್ಸು ಆಗ. ನಮ್ಮಂಥೋರು ಸ್ಯಾಂಪಲ್ ತಗೊಂಡ್ರೆ ಕಳ್ಳರು ಅಂತ ಬಯ್ತಿದ್ದ ಕಾಲ ಅದು.

---

ಕುಡ್ಲ_ಬ್ರಾಸ್

@ಲೂಪ್_ಮಲ್ಲೇಶ್ವರ ನಿಮ್ಮ ಮಾತು ಓದಿ ಟ್ರಂಪೆಟ್ ಊದುವ ರಾಯ್ ಹಾರ್ಗ್ರೋವ್ ನೆನಪಾದ್ರು. ಜಾಝ್ ಕ್ಲಬ್ಬಲ್ಲೂ ನಿಂತು, ಡಿ'ಆಂಜೆಲೋನ 'ವೂಡೂ' ಆಲ್ಬಮಲ್ಲೂ ಊದಿ, 2003ರಲ್ಲಿ 'ಹಾರ್ಡ್ ಗ್ರೂವ್' ಅಂತ ತಾನೇ ಫಂಕ್ ಮಾಡಿದ್ರು. ಅವರಿಗೆ ಯಾರೂ ಜಾಝ್ ಬಿಟ್ಟ ಅಂತ ಹೇಳ್ಲಿಲ್ಲ. ಆ ಬೈಗುಳ ಎಲ್ಲ ಮೂವತ್ತು ವರ್ಷ ಮೊದ್ಲೇ ಬರ್ಡ್ ತಿಂದು ಮುಗಿಸಿದ್ರು ಅಲ್ವಾ. ಹಾರ್ಗ್ರೋವ್ 2018ರಲ್ಲಿ 49ಕ್ಕೇ ಹೋದ್ರು, ಕಿಡ್ನಿ ಕಾಯಿಲೆ. ಡಯಾಲಿಸಿಸ್ ಮಾಡಿಸ್ಕೊಂಡೇ ಊರೂರು ತಿರುಗಿ ಊದ್ತಿದ್ರಂತೆ. ಆ ಉಸಿರು ಎಲ್ಲಿಂದ ತರ್ತಿದ್ರೋ ದೇವರಿಗೇ ಗೊತ್ತು.

---

ತುತ್ತೂರಿ_ತುಮಕೂರು

ಎಲ್ರ ಮಾತೂ ಓದಿದೆ, ಕೆಲವನ್ನ ಎರಡೆರಡು ಸಲ. ವಕೀಲರು ಹೇಳಿದ ಬಾಗಿಲ ಘಟನೆ ನಂಗೆ ಗೊತ್ತಿರ್ಲಿಲ್ಲ.

ಬ್ಲ್ಯಾಕ್‌ಬರ್ಡ್ಸ್ ಬಗ್ಗೆ ಇನ್ನೊಂದಿಷ್ಟು ಸೇರಿಸ್ತೀನಿ. 1975ರಲ್ಲಿ 'ವಾಕಿಂಗ್ ಇನ್ ರಿದಮ್' ಬಿಲ್‌ಬೋರ್ಡ್‌ನಲ್ಲಿ 6ನೇ ಸ್ಥಾನಕ್ಕೆ ಹೋಯ್ತು. ಬರೆದಿದ್ದು ಬರ್ಡ್ ಅಲ್ಲ, ಆ ಹುಡುಗರಲ್ಲೊಬ್ಬ, ಗಿಟಾರಿನ ಬಾರ್ನಿ ಪೆರಿ. 'ರಾಕ್ ಕ್ರೀಕ್ ಪಾರ್ಕ್' ಅಂತ ಇನ್ನೊಂದು, ಅದು ವಾಷಿಂಗ್ಟನ್ ಊರೊಳಗಿನ ಪಾರ್ಕು, ಅಂದ್ರೆ ಹುಡುಗರು ತಮ್ಮ ಕಾಲೇಜಿರೋ ಊರಿನ ಬಗ್ಗೆನೇ ಹಾಡು ಮಾಡಿದ್ರು. ಮೇಷ್ಟ್ರು ಶಿಷ್ಯರ ಕೈಗೆ ಕೊಟ್ಟಿದ್ದು ತಮ್ಮ ಹೆಸರಿನ ಅರ್ಧ ಭಾಗ, ಅದು ಹೆಚ್ಚು ಮಾರಾಟ ಆದಾಗ ಎಷ್ಟು ಖುಷಿ ಪಟ್ಟಿರಬೇಕು ಅಂತ ನಾನು ಒಬ್ಬ ಮೇಷ್ಟ್ರಾಗಿ ಹೇಳಬಲ್ಲೆ.

ಇನ್ನು ನಾನು ಇವರನ್ನ ಹುಡ್ಕೊಂಡು ಹೋಗಿದ್ದೇ ಬೇರೆ ಕಾರಣಕ್ಕೆ. ಸಂಗೀತ ಕೂಡ್ಸು ಗಣಿತ ಅಂದ್ರೆ ಕಲೆ ಅಂತ ಹೆಸರಿಟ್ಟು ಬರ್ಡ್ ಒಂದು ಪಾಠಕ್ರಮ ಮಾಡಿದ್ರು, ಸ್ವರಗಳನ್ನ ಅಂಕಿಗೆ, ಅಂಕಿಯನ್ನ ಸ್ವರಕ್ಕೆ ತಿರುಗಿಸಿ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಹೇಳಿಕೊಡೋದು. ಅದರಿಂದ ಧೈರ್ಯ ತಗೊಂಡು ನಾನು ಎಂಟನೇ ಕ್ಲಾಸಿಗೆ ಭಿನ್ನರಾಶಿ ಪಾಠನ ಆದಿತಾಳ ಹಾಕಿಸಿ ಮಾಡ್ದೆ. ಎಂಟು ಎಣಿಕೆ ಒಂದು ಪೂರ್ಣ, ನಾಕು ಅರ್ಧ, ಎರಡು ಕಾಲು. ಬೋರ್ಡ್ ಮೇಲೆ ಅರ್ಧ ಕೂಡ್ಸು ಕಾಲು ಅಂತ ಬರೆದ್ರೆ ಎರಡು ಬಟಾ ಆರು ಅಂತ ಉತ್ತರ ಕೊಡ್ತಿದ್ದ ಹುಡುಗಿ ಕೈಯಲ್ಲಿ ತಟ್ಟಿ, ಆರಕ್ಕೆ ನಿಂತು, "ಇನ್ನೆರಡು ಉಳೀತು ಸಾರ್, ಮುಕ್ಕಾಲು" ಅಂದ್ಲು. ಆವತ್ತಿಂದ ಬರ್ಡ್ ನನ್ನ ಪಾಲಿಗೂ ಮೇಷ್ಟ್ರೇ.

2000ದಲ್ಲಿ ಅಮೆರಿಕ ಸರ್ಕಾರದ ಜಾಝ್ ಮಾಸ್ಟರ್ ಗೌರವ ಸಿಕ್ತು. 2013ರ ಫೆಬ್ರವರಿ 4ರಂದು ಡೆಲಾವೇರ್‌ನಲ್ಲಿ ತೀರ್ಕೊಂಡ್ರು, 80 ವರ್ಷ. ಆ ರಾಜ್ಯದಲ್ಲೂ ಕೊನೆಗಾಲದಲ್ಲಿ ಯೂನಿವರ್ಸಿಟಿ ಪಾಠ ಮಾಡ್ತಿದ್ರು.

---

ಹಳೇಎಲ್ಪಿ_ಧಾರವಾಡ

ಎರಡು ದಿನಾ ಆತು, ಉತ್ತರಾ ತಡಾ ಆತು, ಸಿಟ್ಟಲ್ಲ ಮತ್ತ. ನಿನ್ನೆ ಸಂಜೀಕ ಹೊರಗ ಮಳಿ ಹಿಡದಿತ್ತು, ಕುಡ್ಲದವ್ರು ಹೇಳಿದ್ರಂತ 'ಪ್ಲೇಸಸ್ ಅಂಡ್ ಸ್ಪೇಸಸ್' ಹಚ್ಚಿದೆ. ಟ್ರಂಪೆಟ್ ಹುಡುಕೋದು ಬಿಟ್ಟು ಪೂರಾ ಮ್ಯಾಳಾ ಕೇಳಿದೆ. 'ವಿಂಡ್ ಪರೇಡ್'ದಾಗ ಆ ಹಾಡೋ ಧ್ವನಿ ಮುಗದು ಟ್ರಂಪೆಟ್ ಬರೋ ಜಾಗಾ ಅದ ನೋಡ್ರಿ, ಅದನ್ನ ಮೂರು ಸಲ ತಿರುಗಿ ಹಚ್ಚಿ ಕೇಳೀನಿ. 63ರ ಕೋರಸ್ ಜೋಡಿ ಮಾಡಿದ್ದ ಕೆಲಸನ ಅದು, ಬಟ್ಟಿ ಬ್ಯಾರೆ ಅಷ್ಟ. ಇದು ನಂಗ ಇಷ್ಟು ವರ್ಷ ಯಾಕ ಕೇಳಿಸ್ಲಿಲ್ಲೋ ಏನೋ.

'ಫ್ಯುಎಗೊ' ಮುಂದ ಅದನ್ನ ಇಡಂಗಿಲ್ಲ, ಅದು ನನ್ನ ಹಠಾ ಅಂತ ತಿಳೀರಿ. ಆದ್ರ ದುಡ್ಡಿನ ಹಿಂದ ಹೋದ ಅನ್ನೋ ಮಾತು ನಾ ಇನ್ನ ಮುಂದ ಆಡಂಗಿಲ್ಲ.

ತುಮಕೂರು ಸರ್, ಆ ಹಿರಿಯರ ಮನಿಗೆ ಮತ್ತ ಹೋಗೋದಿದ್ರ ಒಂದು ಕೆಲಸಾ ಮಾಡ್ರಿ. ಒಮ್ಮಿಗೇ 75ರದ್ದು ಹಚ್ಚಬ್ಯಾಡ್ರಿ. ಮೊದಲ 'ಕ್ರಿಸ್ಟೊ ರೆಡೆಂಟೊರ್' ಹಚ್ಚ್ರಿ, ಮುಗಿದಮ್ಯಾಲ ಯಾರೂ ಮಾತಾಡೋ ಮೊದಲ 'ವಿಂಡ್ ಪರೇಡ್' ಹಚ್ಚ್ರಿ.

---

ತುತ್ತೂರಿ_ತುಮಕೂರು

ಖಂಡಿತ ಸರ್. ಈ ಭಾನುವಾರನೇ ಹೋಗ್ತೀನಿ, ಎರಡೂ ಎಲ್‌ಪಿ ಚೀಲದಲ್ಲಿ ಇಟ್ಕೊಂಡಿದೀನಿ.